ನೀರು ಹುಯ್ಕೊಂಡಿದೀನಿ ಕಣ್ರೀ

ಆ ಮಾತನ್ನು ಹೇಳಲು ರಾಧಾಮಣಿ ಹಿತ್ತಲಿಗೆ ಹೋದಳು. ಒಗೆಯುವ ಕಲ್ಲಿನ ಮೇಲೆ ಕೂತು, ಸೆರಗಿನಲ್ಲಿ ಅರ್ಧ ಬಾಯಿ ಮುಚ್ಚಿಕೊಂಡು, ಫೋನಿನ ಮೈಕಿನ ಗುರುತನ್ನು ಒತ್ತಿ ಹಿಡಿದಳು. ನಗು ಬಂತು. ಅಳಿಸಿದಳು. ಮತ್ತೆ ಒತ್ತಿದಳು, ಮತ್ತೆ ನಗು. ಒಳಗಿನಿಂದ ಅತ್ತೆ ದಾಸಮ್ಮ "ಹಾಲು ಉಕ್ತೈತೆ ನೋಡೇ ರಾಧ" ಎಂದು ಕೂಗಿದ ಮೇಲೆ ಅವಸರಕ್ಕೆ ಮಾತು ಹೊರಬಿತ್ತು.

"ರೀ... ನಾನು ನೀರು ಹುಯ್ಕೊಂಡಿದೀನಿ ಕಣ್ರೀ. ಇನ್ನೇನೂ ಕೇಳ್ಬ್ಯಾಡಿ, ನಂಗೆ ನಾಚ್ಕೆ."

ಕಳಿಸಿಬಿಟ್ಟಳು. ಹೊಳವನಹಳ್ಳಿಯ ಆ ಹಿತ್ತಲಿಂದ ಹೊರಟ ಮಾತು ಕಣ್ಣು ಮುಚ್ಚಿ ತೆರೆಯುವುದರೊಳಗೆ ಲೆಬನಾನಿನ ಗಡಿಯಲ್ಲಿದ್ದ ಗಂಡನನ್ನು ಮುಟ್ಟಿತು. ಲಕ್ಷ್ಮೀಪತಿ ಸೇನೆಯಲ್ಲಿ ಸಿಪಾಯಿ. ವಿಶ್ವಸಂಸ್ಥೆಯ ಶಾಂತಿಪಡೆಗೆಂದು ಅವನ ಬೆಟಾಲಿಯನ್ ಅಲ್ಲಿಗೆ ಹೋಗಿ ಒಂದು ತಿಂಗಳಾಗಿತ್ತಷ್ಟೆ. ಬೇರೆಯವರ ಜಗಳದ ನಡುವೆ ನೀಲಿ ಟೋಪಿ ಹಾಕಿಕೊಂಡು ನಿಲ್ಲುವ ಕೆಲಸ ಎಂದು ಹೆಂಡತಿಗೆ ವಿವರಿಸಿದ್ದ. "ನಿಂತ್ಕೊಳ್ಳೋದೇ ಕೆಲ್ಸ ಆದ್ರೆ ಇಲ್ಲೇ ನಿಂತ್ಕೊಳ್ಳಿ, ನನ್ ಮುಂದೆ" ಎಂದು ಅವಳು ಅಂದದ್ದಕ್ಕೆ ಅವಳ ಮೂಗು ಹಿಂಡಿ ಹೊರಟುಹೋಗಿದ್ದ.

ರಾಧಾಮಣಿ ಪಾವಗಡದ ಕಡೆಯವಳು, ವಳ್ಳೂರಿನವಳು. ಅವರಲ್ಲಿ ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ, ಜಗಳಕ್ಕೆ ನಿಂತರೆ ಎರಡೂ. ಅವರ ಮನೆಯಲ್ಲಿ ಹೆಂಗಸು ನೀರು ಹುಯ್ಕೊಂಡಳು ಎಂದರೆ ಬಸುರಿಯಾದಳು ಎಂದರ್ಥ. ಅದು ತೆಲುಗಿನ ಮಾತು, ಕನ್ನಡದ ಬಟ್ಟೆ ತೊಟ್ಟುಕೊಂಡಿದೆ ಅಷ್ಟೆ. ಬಸುರಿ ಎಂದು ಬಾಯಿಬಿಟ್ಟು ಹೇಳಿದರೆ ಕಣ್ಣು ಬೀಳುತ್ತದೆಂದು ಹಾಗೆ ಮರೆಮಾಡಿ ಹೇಳುತ್ತಾರೆ. ಲಕ್ಷ್ಮೀಪತಿಯೋ ಕೊರಟಗೆರೆ ಸೀಮೆಯ ಅಪ್ಪಟ ಕನ್ನಡದವನು. ಅವನ ಮನೆಯಲ್ಲಿ ಹೆಂಗಸು ನೀರು ಹುಯ್ಕೊಂಡಳು ಎಂದರೆ ಮುಟ್ಟಾದವಳು ಸ್ನಾನ ಮಾಡಿ ಒಳಗೆ ಬಂದಳು ಎಂದರ್ಥ. ಅಂದರೆ ಈ ಸಲ ಏನೂ ಇಲ್ಲ. ಮಧುಗಿರಿಯಿಂದ ಆಚೆಗೆ ಇದ್ದ ಅರ್ಥ ಈಚೆಗೆ ಬರುವಷ್ಟರಲ್ಲಿ ತಿರುಗಿ ಬಿದ್ದಿತ್ತು, ಇಬ್ಬರಿಗೂ ಅದು ತಿಳಿದಿರಲಿಲ್ಲ.

ಹಾಗೆ ನೋಡಿದರೆ ಮದುವೆಯಾದ ಹೊಸದರಲ್ಲಿ ಅವಳ ಇಂಥ ಮಾತುಗಳಿಗೇ ಅವನು ಮರುಳಾದದ್ದು. ತಾಳಿ, ನಿಲ್ಲಿ ಎನ್ನುವ ಕಡೆ ಅವಳು ತೆಲುಗಿನ ಜಾಡಿನಲ್ಲಿ "ಆಗಿ, ಆಗಿ" ಎನ್ನುತ್ತಿದ್ದಳು.

"ಏನಾಗ್ಲಿ? ನಿನ್ ಗಂಡ ಆಗಿದ್ದಾಯ್ತಲ್ಲ, ಇನ್ನೇನಾಗ್ಲಿ?" ಎಂದು ಅವನು ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದ.

ಅವಳು ಕಣ್ಣನ್ನು ಅವನ ಮುಖದ ತನಕ ಎತ್ತಲಾರದೆ, ಅಂಗಿಯ ಎರಡನೆಯ ಗುಂಡಿಯ ಮೇಲೆ ನೆಟ್ಟು, "ದಾರಿ ಬಿಡೋರಾಗಿ" ಎನ್ನುತ್ತಿದ್ದಳು. ಅವನು ಬಿಡುತ್ತಿರಲಿಲ್ಲ. ಹೊರಡುವ ದಿನ ಅವನೇ ಹೇಳಿದ್ದ: "ಫೋನಲ್ಲಿ ನಿಮ್ಮನೆ ಮಾತೇ ಆಡು ರಾಧಿ. ಅರ್ಥ ಆಗ್ದಿದ್ರೂ ಕಿವಿಗೆ ಚೆಂದ." ಅದಕ್ಕೇ ಅವಳು ಪ್ರೆಗ್ನೆಂಟ್ ಎನ್ನುವ ಆಸ್ಪತ್ರೆಯ ಮಾತು ಬಳಸಲಿಲ್ಲ. ತನಗೆ ಎಲ್ಲಕ್ಕಿಂತ ಮುದ್ದಾಗಿ ಕಂಡ ಮಾತನ್ನು ಆರಿಸಿ ಕಳಿಸಿದಳು.

ಸ್ವಲ್ಪ ಹೊತ್ತಿನ ಮೇಲೆ ಅವನ ಧ್ವನಿ ಬಂತು. "ಓ... ಹೌದಾ. ಇರ್ಲಿ ಬುಡು. ಮನ್ಸಿಗೆ ಹಚ್ಕೋಬ್ಯಾಡ. ಇನ್ನೂ ಟೈಮ್ ಐತಲ್ಲ ನಮ್ಗೆ."

ಅವಳು ಮತ್ತೆ ಮತ್ತೆ ಕೇಳಿದಳು. ಕುಣಿದಾಡುತ್ತಾನೆ ಎಂದುಕೊಂಡಿದ್ದಳು, ಕುಣಿದಿರಲಿಲ್ಲ. ಆದರೂ ಹೆರಿಗೆಗೆ ಟೈಮ್ ಇರುವುದು ನಿಜವೇ ಅಲ್ಲವೇ? ಮೊದಲ ಬಸಿರು, ಹೆದರುತ್ತಾಳೆಂದು ಧೈರ್ಯ ಹೇಳಿದ್ದಾನೆ ಎಂದುಕೊಂಡು ಫೋನನ್ನು ಎದೆಗೊತ್ತಿಕೊಂಡಳು. ಹಾಲು ಉಕ್ಕಿ ಒಲೆಯೆಲ್ಲ ಆಗಿತ್ತು. ಅತ್ತೆ ಬೈದಳು. ಬೈಗುಳವೂ ಅವತ್ತು ಹಿತವಾಗಿತ್ತು.

ಮುಂದೆ ಅಲ್ಲಿ ಯುದ್ಧ ಜೋರಾಯಿತು. ಕ್ಯಾಂಪಿನ ಆಚೆಯ ಗುಡ್ಡಗಳ ಮೇಲೆ ಬೀಳುತ್ತಿದ್ದುದು ಕ್ಯಾಂಪಿನ ಬೇಲಿಯ ಹತ್ತಿರಕ್ಕೆ ಬರತೊಡಗಿತು. ಫೋನು ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಸಿಕ್ಕಾಗಲೂ ನೆಲದಡಿಯ ಬಂಕರಿನಿಂದ ಹರಕು ಹರಕು ಮಾತು. ಊಟ ಆಯ್ತಾ, ಅವ್ವ ಹೆಂಗವ್ಳೆ, ನೀನು ಹುಷಾರು. ಅಷ್ಟರಲ್ಲಿ ಲೈನು ಹೋಗುತ್ತಿತ್ತು. ಹೊಟ್ಟೆಯ ವಿಚಾರ ಅವನು ಒಮ್ಮೆಯೂ ಎತ್ತಲಿಲ್ಲ. ಒಂದು ಸಲ ಹೇಳಿಯಾದ ಮೇಲೆ ಗಂಡ ತಾನಾಗಿ ಕೇಳಬೇಕು, ಹೆಂಡತಿ ಅದನ್ನೇ ಜಪ ಮಾಡಬಾರದು ಎಂಬುದು ಅವಳ ತಾಯಿ ಕಲಿಸಿದ್ದು. ತಡೆಯದೆ ಒಂದು ದಿನ ಅವಳು ಸುಳಿವು ಕೊಟ್ಟಳು.

"ರೀ, ಹುಣಸೆಹಣ್ಣು ತಿನ್ನಂಗಾಗ್ತೈತೆ."

"ತಿನ್ನು. ಉಪ್ಪು ಖಾರ ಕುಟ್ಟಿ ನೆಂಚ್ಕೊಂಡು ತಿನ್ನು. ನಂಗೂ ಬಾಯಲ್ಲಿ ನೀರು ಬಂತು" ಎಂದು ಅವನು ನಕ್ಕ. ಅವಳೂ ನಕ್ಕಳು. ವಾಂತಿಯ ಸಂಕಟ, ತಲೆಸುತ್ತು ಏನನ್ನೂ ಹೇಳಲಿಲ್ಲ, ಬಾಂಬುಗಳ ನಡುವೆ ಇರುವವನಿಗೆ ಇದೊಂದು ಚಿಂತೆ ಬೇರೆ ಯಾಕೆ ಎಂದು. ದಾಸಮ್ಮನಿಗೆ ಮಗನ ಹತ್ತಿರ ಸೊಸೆಯ ಬಸಿರಿನ ಮಾತೆತ್ತಲು ನಾಚಿಕೆ. ಹೆಂಡತಿಯೇ ಹೇಳಿರುತ್ತಾಳಲ್ಲ ಎಂದು ಅವಳೂ ಸುಮ್ಮನಿದ್ದಳು.

ಐದನೆಯ ತಿಂಗಳಲ್ಲಿ ಬಳೆ ತೊಡಿಸಿದರು. ನಾದಿನಿ ಸುನಿತಾ ಹಟ ಹಿಡಿದು ಕೊರಟಗೆರೆಯಿಂದ ಚೇತನ್ ಕುಮಾರ್ ಎಂಬ ತನ್ನ ಕ್ಲಾಸ್‌ಮೇಟಿನ ಶಾಮಿಯಾನ ಅಂಗಡಿಯ ದೊಡ್ಡ ಕುರ್ಚಿ ತರಿಸಿದ್ದಳು. ಬೆನ್ನಿಗೆ ನವಿಲುಗರಿ ಬಿಚ್ಚಿದ, ಸುತ್ತಲೂ ದೀಪ ಮಿನುಗುವ ಕುರ್ಚಿ. ಅದರಲ್ಲಿ ರಾಧಾಮಣಿಯನ್ನು ಕೂರಿಸಿ, ಎರಡೂ ಕೈ ತುಂಬ ಹಸಿರು ಗಾಜಿನ ಬಳೆ ಇಟ್ಟು, ಮಡಿಲು ತುಂಬಿ, ಫೋಟೊ ತೆಗೆದು ಸ್ಟೇಟಸ್‌ಗೆ ಹಾಕಿದಳು. ರಾಧಾಮಣಿಗೆ ಇದ್ದದ್ದು ಒಂದೇ ಆಸೆ, ಅವನು ನೋಡಬೇಕು.

ಅವನು ನೋಡಿದ. ಸಂಜೆ ಅವನಿಂದ ಮೆಸೇಜು ಬಂತು.

"ಯಾರ್ದು ಅದು?"

ಅವಳು ಫೋಟೊವನ್ನು ಇನ್ನೊಮ್ಮೆ ನೋಡಿದಳು. ಅಷ್ಟಗಲದ ಕುರ್ಚಿ ಎದ್ದು ಕಾಣುತ್ತಿತ್ತು. ಬಳೆಗಳನ್ನು ಹಿಂದಕ್ಕೆ ಸರಿಸಿಕೊಂಡು ಟೈಪು ಮಾಡಿದಳು: "ಚೇತನ್ ಕುಮಾರಂದು ರೀ. ಸುನಿತನ ಕ್ಲಾಸ್‌ಮೇಟು. ನಂಗೋಸ್ಕರ ಪಾಪ ತುಂಬಾ ಕಷ್ಟಪಟ್ಟವ್ನೆ. ಚೆಂದಾಗೈತಲ್ವಾ?"

ನಗುವವರು ನಗಬಹುದು. ಹೆಂಡತಿ ಮುಟ್ಟಾಗಿ ನೀರು ಹುಯ್ಕೊಂಡಳು ಎಂದು ತಿಂಗಳುಗಟ್ಟಲೆ ನಂಬಿಕೊಂಡು, ತಲೆಯ ಮೇಲೆ ವಿಮಾನಗಳು ಹಾರುವಾಗ ಆ ಫೋಟೊ ನೋಡಿದ ಗಂಡಸಿಗೆ ಅದು ನಗುವ ಉತ್ತರವಾಗಿರಲಿಲ್ಲ. ಎರಡು ಟಿಕ್ಕೂ ನೀಲಿಯಾದವು. ಉತ್ತರ ಬರಲಿಲ್ಲ.

ಮರುದಿನ ಅವನು ತಾಯಿಗೆ ಫೋನು ಮಾಡಿದ. ದಾಸಮ್ಮ ಫೋನು ಹಿಡಿದುಕೊಂಡು ಕೊಟ್ಟಿಗೆಯ ಹಿಂದಕ್ಕೆ ಹೋದಳು. ತಿರುಗಿ ಬಂದಾಗ ಅವಳ ಮುಖ ಬೇರೆಯಾಗಿತ್ತು.

"ಅವ್ನು ಕೇಳ್ತಾವ್ನೆ, ಆ ಮಗ ಯಾರ್ದು ಅಂತ."

ರಾಧಾಮಣಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಅತ್ತೆಯ ಕೈ ಹಿಡಿದುಕೊಂಡಳು. "ಅತ್ತೆ, ನಿಮ್ಗೆ ಗೊತ್ತಲ್ವಾ? ಅವ್ರು ಹೋದ್ಮೇಲೆ ನಾನು ಒಂದ್ಸಲಾನಾದ್ರೂ ಹೊರಗೆ ಕೂತಿದ್ನಾ? ನೀವೇ ಮೊದ್ಲು ಕಂಡುಹಿಡ್ದಿದ್ದು."

"ಗೊತ್ತು."

"ಮತ್ತೆ ಹೇಳಿ ಅವ್ರಿಗೆ!"

"ಹೆಂಗೆ ಹೇಳ್ಲಿ? ನೀನೇ ಬಾಯಾರೆ ಹೇಳಿದ್ದಂತೆ, ಏನೂ ಇಲ್ಲ ಅಂತ. ಅವ್ನು ಅಲ್ಲಿ ಬಂದೂಕ ಹಿಡ್ಕೊಂಡು ನಿಂತವ್ನೆ ಕಣಮ್ಮ. ಹೆಂಡ್ತಿ ಮೋಸ ಮಾಡಿದ್ಲು ಅಂತಾವ್ನೆ. ಅವ್ವಾನೂ ಅವ್ಳ ಕಡೆ ಅಂತಾದ್ರೆ ಅವ್ನಿಗೆ ಯಾರವ್ರೆ? ಮನ್ಸು ಕೆಟ್ಟು ಗುಂಡು ಹಾರೋ ಕಡೆ ತಲೆ ಎತ್ತಿ ನಿಂತ್ಬುಟ್ರೆ?" ದಾಸಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ನನ್ ಮಗ ಜೀವಂತ ಬರೋಗಂಟ ಅವನ್ ಮಾತಿಗೆ ಹೂಂ ಅಂತೀನಿ. ನೀನು ನಿಮ್ಮವ್ವನ ಮನೆಗೆ ನಡಿ."

ಸೊಸೆ ತಪ್ಪು ಮಾಡಿಲ್ಲ ಎಂದು ಗೊತ್ತಿದ್ದೂ ಸೊಸೆಯ ಬಟ್ಟೆ ಗಂಟು ಕಟ್ಟಿದ ಹೆಂಗಸು ಅವಳು. ದ್ವೇಷ ಇದ್ದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಏನೂ ಇಲ್ಲ ಎಂದು ನಾನು ಯಾವಾಗ ಹೇಳಿದೆ? ರಾಧಾಮಣಿ ಫೋನು ತೆಗೆದು, ಮೇಲೆ ಮೇಲೆ ಹುಡುಕಿ, ಒಗೆಯುವ ಕಲ್ಲಿನ ಮೇಲೆ ಕೂತು ಕಳಿಸಿದ್ದ ಆ ಧ್ವನಿಯನ್ನೇ ಸಾಕ್ಷಿಯೆಂದು ಅವನಿಗೆ ಮತ್ತೆ ಕಳಿಸಿದಳು. ಕೆಳಗೆ ಬರೆದಳು: "ಇದನ್ನ ಕೇಳಿ. ಅವತ್ತೇ ಹೇಳಿದ್ದೆ." ತನ್ನ ಕುತ್ತಿಗೆಗೆ ತಾನೇ ಹಗ್ಗ ಬಿಗಿದುಕೊಂಡಳು. ಅವನು ಕೇಳಿದ. ಅವನಿಗೆ ಕೇಳಿಸಿದ್ದು ನಾಚಿಕೆ, ನಗು, ನೀರು ಹುಯ್ಕೊಂಡೆ. ಮರುಕ್ಷಣ ಅವನ ಫೋಟೊ ಮಾಯವಾಗಿ ಬೂದು ಬಣ್ಣದ ಬೊಂಬೆ ಉಳಿಯಿತು.

ಪಾವಗಡದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಗಾಜಿನ ಬಳೆ ಸದ್ದು ಮಾಡದ ಹಾಗೆ ಎರಡೂ ಕೈಯನ್ನು ಸೆರಗಿನೊಳಗೆ ಹಿಡಿದುಕೊಂಡಿದ್ದಳು. ಮಧುಗಿರಿ ಸ್ಟ್ಯಾಂಡಿನಲ್ಲಿ ಹತ್ತಿದ ಮುದುಕಿಯೊಬ್ಬಳು ಬಳೆ ನೋಡಿ, "ತವರಿಗೆ ಹೊಂಟ್ಯೇನವ್ವ? ಗಂಡ ಬರ್ಲಿಲ್ವಾ?" ಎಂದಳು. "ಡ್ಯೂಟಿ" ಎಂದಳು ರಾಧಾಮಣಿ.

ವಳ್ಳೂರಿನಲ್ಲಿ ಅವಳ ತಾಯಿ ರಾಜಲಕ್ಷ್ಮಮ್ಮ ಸೋಲಾರ್ ಪ್ಲೇಟುಗಳ ಕೆಳಗೆ ಬೆಳೆಯುವ ಹುಲ್ಲು ಕೀಳುವ ಕೂಲಿಗೆ ಹೋಗುತ್ತಿದ್ದಳು. ಊರಿನ ಸುತ್ತ ಕಣ್ಣು ಹಾಯುವಷ್ಟು ದೂರ ಆ ಕರಿಯ ಪ್ಲೇಟುಗಳೇ. ಮಗಳನ್ನು ಕಂಡು ತಾಯಿ ಏನೂ ಕೇಳಲಿಲ್ಲ, ನೀರು ಕಾಯಿಸಿಟ್ಟಳು. ಊರಿನವರು ಕೇಳಿದರು. ಐದನೆಯ ತಿಂಗಳಿಗೇ ಯಾಕೆ ಬಂದಳು, ಗಂಡ ಫೋನು ಮಾಡುತ್ತಾನಾ, ಮಾಡಿದರೆ ನಮಗೂ ಒಂದು ಸಲ ಕೊಡು.

ಅವನು ಮಾಡುತ್ತಿರಲಿಲ್ಲ. ಅವಳು ದಿನವೂ ಮೆಸೇಜು ಕಳಿಸುತ್ತಿದ್ದಳು, ದಿನವೂ ಅದು ಒಂದು ಟಿಕ್ಕಿಗೆ ನಿಲ್ಲುತ್ತಿತ್ತು. ಆಗ ಅವಳಿಗೊಂದು ಸತ್ಯ ಹೊಳೆಯಿತು. ಬ್ಲಾಕ್ ಮಾಡಿದವನ ಫೋನಿಗೂ ಒಂದೇ ಟಿಕ್ಕು, ಸತ್ತವನ ಫೋನಿಗೂ ಒಂದೇ ಟಿಕ್ಕು. ಟಿ.ವಿ.ಯಲ್ಲಿ ಶಾಂತಿಪಡೆಯ ಠಾಣೆಯ ಹತ್ತಿರ ಗುಂಡು ಬಿತ್ತು ಎಂದ ದಿನ ಅವಳು ತಾಯಿಯ ಫೋನಿನಿಂದ ಸುನಿತಾಗೆ ಮಾಡಿದಳು. "ಅತ್ಗೆ, ಅವ್ವ ಬೈತಾಳೆ" ಎಂದು ಸುನಿತಾ ಇಟ್ಟುಬಿಟ್ಟಳು. ಬದುಕಿದ್ದಾನೆ ಎನ್ನುವ ಒಂದು ಮಾತನ್ನೂ ಆ ಹುಡುಗಿ ಕೊಡಲಿಲ್ಲ. ದೇವರೇ, ಬ್ಲಾಕೇ ಆಗಿರಲಿ, ನನ್ನನ್ನು ಕಂಡರೆ ಆಗದೆ ಬ್ಲಾಕೇ ಮಾಡಿರಲಿ ಎಂದು ಹೆಂಡತಿಯೊಬ್ಬಳು ಹರಕೆ ಹೊತ್ತುಕೊಳ್ಳುವ ಕಾಲ ಬಂತು.

ಎಂಟನೆಯ ತಿಂಗಳು ತುಂಬುವಾಗ ತಾಯಿಯ ಫೋನು ಹೊಡೆದುಕೊಂಡಿತು. ಗೊತ್ತಿಲ್ಲದ ಉದ್ದ ನಂಬರು. ರಾಗಿ ಕೇರುತ್ತಿದ್ದ ರಾಜಲಕ್ಷ್ಮಮ್ಮ ಮೊಣಕೈಯಲ್ಲಿ ಸ್ಪೀಕರ್ ಒತ್ತಿದಳು.

"ಅತ್ತೆ... ರಾಧಿ ಅವ್ಳಾ? ಕೇಳುಸ್ಕೊಳ್ತಾವ್ಳಾ?"

ಧ್ವನಿ ಕೇಳಿದ್ದೇ ರಾಧಾಮಣಿ ಒಳಗಿಂದ ಹೊಸ್ತಿಲಿಗೆ ಬಂದಳು. ಬದುಕಿದ್ದಾನೆ. ಅದೊಂದೇ ಮೊದಲು ತಲೆಗೆ ಹೋದದ್ದು.

"ನಮ್ ಜೊತೆ ಹಿಂದೂಪುರದೋನು ಒಬ್ಬ ಅವ್ನೆ, ಆಂಜನೇಯುಲು ಅಂತ. ನೆನ್ನೆ ಎಲ್ರಿಗೂ ಚಾಕೊಲೇಟ್ ಹಂಚ್ದ. ಯಾಕ್ಲಾ ಅಂದ್ರೆ, ಮಾ ಇಂಟಾಮೆ ನೀಳ್ಳೋಸ್ಕುನಿಂದಿ, ಮನೆಯವ್ಳು ನೀರು ಹುಯ್ಕೊಂಡ್ಳು ಅಂದ. ನಿನ್ ಹೆಂಡ್ತಿ ನೀರು ಹುಯ್ಕೊಂಡ್ರೆ ನಮ್ಗೆಲ್ಲ ಯಾಕ್ಲಾ ಚಾಕೊಲೇಟು ಅಂತ ನಾನು ನಗಾಡ್ದೆ. ಆಗ ಅವ್ನು ಅರ್ಥ ಹೇಳ್ದ. ರಾಧಿ, ನಮ್ ಕಡೆ ಅದಕ್ಕೆ ಬೇರೆ ಅರ್ಥ ಕಣೇ. ಮುಟ್ಟಾಗಿ ಸ್ನಾನ ಮಾಡ್ದೆ ಅಂತ. ನಾನು ಅಂಗೇ ತಿಳ್ಕೊಂಡ್ಬುಟ್ಟೆ. ತಪ್ಪಾಯ್ತು. ನನ್ ಮಗ ಅದು. ತಪ್ಪಾಯ್ತು ಕಣೇ."

ಯುದ್ಧದ ನಡುವೆ ಕೂತ ಗಂಡಸು ಮಗುವಿನಂತೆ ಅಳುತ್ತಿದ್ದ. ರಾಜಲಕ್ಷ್ಮಮ್ಮನ ಮೊರ ನಿಂತಿತು. ರಾಧಾಮಣಿ ಫೋನನ್ನು ಕೈಗೆ ತೆಗೆದುಕೊಂಡಳು.

"ಕೇಳ್ಬೋದಿತ್ತಲ್ರೀ" ಎಂದಳು. "ನೀರು ಹುಯ್ಕೊಂಡೆ ಅಂದ್ಯಲ್ಲೇ, ಇದೇನೇ ಅಂತ ನನ್ನೇ ಕೇಳ್ಬೋದಿತ್ತು. ಬೈದಾದ್ರೂ ಕೇಳ್ಬೋದಿತ್ತು."

"ತಪ್ಪಾಯ್ತು..."

"ಒಂದು ಟಿಕ್ಕು ಅಂದ್ರೆ ಏನಂತ ಗೊತ್ತಾ ನಿಮ್ಗೆ?"

"ಇಲ್ಲ."

"ಗೊತ್ತಾಗ್ಲಿ."

ಫೋನು ತಾಯಿಗೆ ಕೊಟ್ಟು ಒಳಗೆ ಹೋದಳು. ಅವತ್ತಿನಿಂದ ಅವನೊಡನೆ ಮಾತು ಬಿಟ್ಟಳು. ಅವನ ಮೆಸೇಜುಗಳನ್ನು ಓದುತ್ತಿದ್ದಳು, ಉತ್ತರ ಕೊಡುತ್ತಿರಲಿಲ್ಲ. ದಾಸಮ್ಮ ಬುಟ್ಟಿಯ ತುಂಬ ಕಜ್ಜಾಯ ಹೊತ್ತುಕೊಂಡು ಬಸ್ಸಿಳಿದು ಬಂದಳು. "ಒಂದ್ ಮಾತು ಹಿಂದ್ಮುಂದಾತು ಕಣಮ್ಮ, ಬಾ ಮನೆಗೆ" ಎಂದಳು. "ಮಾತು ಅವ್ರಿಗೆ ಹಿಂದ್ಮುಂದಾಯ್ತು ಅತ್ತೆ. ನಿಮ್ಗೆ ಆಗಿರ್ಲಿಲ್ಲ" ಎಂದು ರಾಧಾಮಣಿ ಅತ್ತೆಗೆ ಊಟ ಬಡಿಸಿ, ಸಂಜೆಯ ಬಸ್ಸಿಗೆ ಹತ್ತಿಸಿದಳು.

ಪ್ರೀತಿ ಸತ್ತಿತ್ತು ಎಂದುಕೊಳ್ಳಬೇಡಿ. ಸತ್ತಿದ್ದರೆ ಸುಲಭವಿತ್ತು. ಅವನ ಹಳೆಯ ಧ್ವನಿಗಳನ್ನು ಅವಳು ಈಗಲೂ ಕಿವಿಗಿಟ್ಟು ಕೇಳುತ್ತಿದ್ದಳು, ಮೂಗು ಹಿಂಡಿದ ಜಾಗವನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಆದರೆ ತಾನು ಕಂಡ ನರಕವನ್ನು ಅವನು ಒಂದಿಷ್ಟಾದರೂ ಕಾಣಬೇಕಿತ್ತು. ತಿರುಗಿ ಮಾತಾಡುವ ದಿನವೊಂದು ಬರುತ್ತದೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ. ಹಟ ಎನ್ನುವುದು ಹಿಡಿಯುವಾಗ ನಮ್ಮ ಕೈಯಲ್ಲಿರುತ್ತದೆ, ಬಿಡುವಾಗ ಇರುವುದಿಲ್ಲ.

ಹೆಣ್ಣು ಮಗು ಹುಟ್ಟಿತು. ಅವನಿಗೆ ರಜೆ ಸಿಗಲಿಲ್ಲ. ಸಂಜೆಯಾದರೆ ಫೋನು ಬರುತ್ತಿತ್ತು. ರಾಧಾಮಣಿ ಅದನ್ನು ಎತ್ತಿ, ಸ್ಪೀಕರ್ ಹಾಕಿ, ಮಗುವಿನ ದಿಂಬಿಗೆ ಒರಗಿಸಿಟ್ಟು, ಗೋಡೆಯ ಆಚೆಗೆ ಹೋಗಿ ನಿಲ್ಲುತ್ತಿದ್ದಳು. "ರಾಧಿ, ಅಲ್ಲೇ ಇದ್ದೀಯಾ?" ಎಂದು ಅವನು ಕೇಳುತ್ತಿದ್ದ. ಮಗು ಕೈಕಾಲು ಆಡಿಸುತ್ತಿತ್ತು. ಕೊನೆಗೆ ಅವನು ಮಗಳೊಡನೆಯೇ ಮಾತಾಡತೊಡಗಿದ, ಅದೂ ತೆಲುಗಿನಲ್ಲಿ. ಆಂಜನೇಯುಲುವಿನ ಹತ್ತಿರ ಕಲಿಯುತ್ತಿದ್ದನಂತೆ. ಹೆಂಡತಿಯ ಮನೆಮಾತು ಬಾರದೆ ಹೋದದ್ದಕ್ಕೆ ಅವನಿಗೆ ಅವನೇ ಹಾಕಿಕೊಂಡ ದಂಡ ಅದು.

"ಬಂಗಾರೂ, ಪಾಲು ತಿನ್ನಾವಾ?" ಎನ್ನುತ್ತಿದ್ದ. ಕುಡಿದೆಯಾ ಎನ್ನುವ ಕಡೆ, ಹಾಲು ತಿಂದೆಯಾ ಎಂದು. ಗೋಡೆಯ ಆಚೆ ರಾಧಾಮಣಿ ಸೆರಗನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದಳು. ತಿದ್ದುತ್ತಿರಲಿಲ್ಲ. ತಿಂಗಳುಗಟ್ಟಲೆ ಅವನು ತಪ್ಪು ತಪ್ಪಾಗಿ ಮುದ್ದು ಮಾಡಿದ, ಅವಳು ಸರಿ ಮಾಡಲಿಲ್ಲ. ಅಷ್ಟು ಕಲ್ಲಾಗಿದ್ದಳು.

ಕದನವಿರಾಮ ಎಂದು ಟಿ.ವಿ. ಹೇಳಿ ಎಷ್ಟೋ ದಿನವಾಗಿತ್ತು, ಆದರೂ ಆ ಗಡಿಯಲ್ಲಿ ಬೀಳುವುದು ಬೀಳುತ್ತಲೇ ಇತ್ತು. ಒಂದು ಸಂಜೆ ಅವನ ಧ್ವನಿ ಅವಸರದಲ್ಲಿತ್ತು. ಮುಂದಿನ ಠಾಣೆಗೆ ಕಳಿಸುತ್ತಿದ್ದಾರೆ, ದಾರಿ ಸರಿಯಿಲ್ಲ, ಅಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ ಎಂದು ಮಗಳಿಗೆ ಅರೆಬರೆ ತೆಲುಗಿನಲ್ಲಿ ವರದಿ ಒಪ್ಪಿಸಿದ. ಕೊನೆಗೆ, "ಪೋತಾನಮ್ಮಾ, ಮೀ ನಾನ್ನ ಪೋತಾನು" ಎಂದು ಇಟ್ಟುಬಿಟ್ಟ.

ರಾಜಲಕ್ಷ್ಮಮ್ಮನ ಕೈಯ ಲೋಟ ಅಲ್ಲೇ ನಿಂತಿತು. ಮನೆಯಿಂದ ಹೊರಡುವ ಯಾರೂ ಅಲ್ಲಿ ಬರಿದೇ ಪೋತಾನು ಎನ್ನುವುದಿಲ್ಲ. ನಾನ್ನ ಎಂದರೆ ಅಪ್ಪ, ಪೋತಾನು ಎಂದರೆ ಹೋಗುತ್ತೇನೆ, ಹೋದವನು ಹೋದ. ಪೊಯ್ಯೊಸ್ತಾ ಎನ್ನಬೇಕು, ಹೋಗಿ ಬರುತ್ತೇನೆ ಎಂದು. ಕನ್ನಡದಲ್ಲಾಗಿದ್ದರೆ ಅವನ ಬಾಯಿಂದ ಆ ತಪ್ಪು ಬರುತ್ತಲೇ ಇರಲಿಲ್ಲ. ಕಲಿತ ಭಾಷೆ, ಅರ್ಧ ಕಲಿತಿದ್ದ.

ರಾಧಾಮಣಿ ಗೋಡೆಯ ಆಚೆಯಿಂದ ಓಡಿಬಂದು "ಅಂಗನ್ಬೇಡ್ರೀ!" ಎಂದು ಕೂಗಿದ್ದು ಕಪ್ಪಾದ ಫೋನಿಗೆ. ಅವಳಾಗಿ ಅವನಿಗೆ ಫೋನು ಮಾಡಿ ಯಾವ ಕಾಲವಾಗಿತ್ತೋ. ಒತ್ತಿದಳು. ಹೋಗಲಿಲ್ಲ. ಮತ್ತೆ ಒತ್ತಿದಳು. ರಿಂಗಾಯಿತು.

"ಹಲೋ? ಹಲೋ, ಯಾರು... ರಾಧಿ?" ಹಿಂದೆ ಗಾಡಿಯ ಇಂಜಿನ್ನಿನ ಸದ್ದು.

"ಪೊಯ್ಯೊಸ್ತಾ ಅನ್ನಿ."

"ಏನು? ರಾಧಿ, ನೀನು ಮಾತಾಡ್ತಾ..."

"ಪೋತಾ ಅನ್ನಂಗಿಲ್ಲ. ಪೊಯ್ಯೊಸ್ತಾ. ಅನ್ನಿ."

"ಪೊಯ್... ಪೊಯ್ಯೊಸ್ತಾ."

"ಇನ್ನೊಂದ್ಸಲ. ಗಟ್ಟಿಯಾಗಿ."

"ಪೊಯ್ಯೊಸ್ತಾ ರಾಧಿ. ಪೊಯ್ಯೊಸ್ತಾ. ನನ್ನ ಕ್ಷಮಿ..."

ಯಾರೋ ಹಿಂದಿಯಲ್ಲಿ ಕೂಗಿದರು, ಲೈನು ಹೋಯಿತು. ಕ್ಷಮಿಸಿದ್ದೀನಿ ಎನ್ನುವುದಕ್ಕೆ ಅವಳಿಗೂ ಬಿಡುವಾಗಲಿಲ್ಲ. ಮತ್ತೆ ಮಾಡಿದಾಗ ರಿಂಗಾಗಲಿಲ್ಲ.

"ಕೊನೇಗೂ ಮಾತಾಡ್ದೆ ಅಲ್ಲೇ?" ಎಂದಳು ತಾಯಿ, ಮೆಲ್ಲಗೆ.

"ಮಾತಾಡ್ಲಿಲ್ಲಮ್ಮ" ಎಂದಳು ರಾಧಾಮಣಿ. "ತಿದ್ದಿದೆ ಅಷ್ಟೆ." ಹಾಗೆಂದು ಮಗುವನ್ನು ಎತ್ತಿಕೊಂಡು, ಅಷ್ಟು ತಿಂಗಳಲ್ಲಿ ಮೊದಲ ಸಲ, ಬೀದಿಗೆ ಕೇಳುವ ಹಾಗೆ ಅತ್ತಳು.